ಎರಡು ಗಂಟೆ ಎದುರು ಕೂತು ಕೇಳಿ

ಕನ್ನಡದಲ್ಲಿ ಪಿಎಚ್.ಡಿ. ಮಾಡುವವರು ದಾಟಬೇಕಾದ ಬಾಗಿಲುಗಳು ಕಡಿಮೆಯೇನಿಲ್ಲ. ಪ್ರವೇಶ ಪರೀಕ್ಷೆ, ಸಂದರ್ಶನ, ಕೋರ್ಸ್‌ವರ್ಕ್, ಆರು ತಿಂಗಳಿಗೊಮ್ಮೆ ಪ್ರಗತಿ ವರದಿ, ಕೊಲೋಕ್ವಿಯಂ, ಕೃತಿಚೌರ್ಯ ತಪಾಸಣೆಯ ಪ್ರಮಾಣಪತ್ರ, ಕೊನೆಗೆ ವೈವಾ. ಪ್ರತಿ ಬಾಗಿಲಲ್ಲೂ ಒಂದು ಅರ್ಜಿ, ಒಂದು ಚಲನ್, ಒಂದು ಸಹಿ. ಇಷ್ಟನ್ನೂ ದಾಟಿ ಹೆಸರಿನ ಮುಂದೆ ‘ಡಾ.’ ಬಂದು ಕೂತ ಮೇಲೂ ಅವರನ್ನು ಒಂದು ಪ್ರಶ್ನೆ ಮಾತ್ರ ಯಾರೂ ಕೇಳಿರುವುದಿಲ್ಲ: ನೀವು ಏನೇನು ಓದಿದ್ದೀರಿ? ಅದರ ಬಗ್ಗೆ ನಮ್ಮೊಡನೆ ಎರಡು ಗಂಟೆ ಮಾತಾಡುತ್ತೀರಾ?

ಈ ಪ್ರಶ್ನೆ ಕೇಳುವುದಕ್ಕೆಂದೇ ಬೇರೆ ಕಡೆ ಒಂದು ಪರೀಕ್ಷೆ ಇದೆ. ಐಐಟಿಗಳಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅದನ್ನು ಕಾಂಪ್ರಹೆನ್ಸಿವ್ ಎನ್ನುತ್ತಾರೆ. ಅಮೆರಿಕದ ಮಾನವಿಕ ವಿಭಾಗಗಳಲ್ಲಿ ವಿದ್ಯಾರ್ಥಿಗಳು ಅದನ್ನು ಕಾಂಪ್ಸ್ ಎಂದು ಚಿಕ್ಕದಾಗಿ ಕರೆದು ದೊಡ್ಡದಾಗಿ ಹೆದರುತ್ತಾರೆ. ಪ್ರಬಂಧ ಬರೆಯಲು ಕೂರುವ ಮೊದಲು ತನ್ನ ಕ್ಷೇತ್ರ ಇಡಿಯಾಗಿ ವಿದ್ಯಾರ್ಥಿಗೆ ಗೊತ್ತಿದೆಯೇ, ಅದರಲ್ಲಿ ಯಾರು ಯಾರೊಡನೆ ಏಕೆ ಜಗಳವಾಡಿದ್ದಾರೆ ಎಂಬುದು ತಿಳಿದಿದೆಯೇ ಎಂದು ನೋಡುವುದು ಅದರ ಕೆಲಸ. ಸಮಗ್ರ ಪರೀಕ್ಷೆ ಎನ್ನೋಣ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಕನ್ನಡ, ಇತಿಹಾಸ, ತತ್ವಶಾಸ್ತ್ರ ವಿಭಾಗಗಳಲ್ಲಿ ಅದರ ಜಾಗದಲ್ಲಿ ಕೋರ್ಸ್‌ವರ್ಕ್ ಬಂದು ಕೂತಿದೆ.

ಕೋರ್ಸ್‌ವರ್ಕ್ ಕಡ್ಡಾಯವಾದದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಾವಳಿಯಿಂದ. 2016ರಲ್ಲಿ ಅದಕ್ಕೆ 8ರಿಂದ 16 ಕ್ರೆಡಿಟ್ ಎಂದಾಯಿತು, 2022ರಲ್ಲಿ ಕನಿಷ್ಠ 12 ಎಂದಾಯಿತು. ಶೇ 55 ಅಂಕ ಬಂದರೆ ಮುಂದಕ್ಕೆ. ಉದ್ದೇಶ ಕೆಟ್ಟದ್ದೇನಲ್ಲ. ಆದರೆ ಆ ಪತ್ರಿಕೆಗಳಲ್ಲಿ ಏನಿದೆ ನೋಡಿ. ಸಂಶೋಧನೆ ಎಂದರೇನು, ಅದರ ಲಕ್ಷಣಗಳನ್ನು ವಿವರಿಸಿ. ಪ್ರಾಕ್ಕಲ್ಪನೆ ಎಂದರೇನು, ಅದರ ವಿಧಗಳನ್ನು ತಿಳಿಸಿ. ಅಡಿಟಿಪ್ಪಣಿಯ ಮಹತ್ವ ಬರೆಯಿರಿ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ತೆರೆದೇ ನೋಡದೆ ಗ್ರಂಥ ಸಂಪಾದನೆಯ ಹಂತಗಳನ್ನು ಪಟ್ಟಿ ಮಾಡಿ ಅಂಕ ಪಡೆಯಬಹುದು. ಇದರ ಮೇಲೆ 2019ರ ಕೊನೆಗೆ ಬಂದ ಸಂಶೋಧನಾ ನೀತಿಯ ಪತ್ರಿಕೆ: ಎರಡು ಕ್ರೆಡಿಟ್, ಮೂವತ್ತು ಗಂಟೆ. ತುಳುವಿನ ಪಾಡ್ದನಗಳ ಬಗ್ಗೆ ಕೆಲಸ ಮಾಡಬೇಕಾದ ಹುಡುಗಿ ಅದರಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್, ಎಚ್-ಇಂಡೆಕ್ಸ್, ಜಿ-ಇಂಡೆಕ್ಸ್‌ಗಳನ್ನು ಬಾಯಿಪಾಠ ಮಾಡುತ್ತಾಳೆ. ಕನ್ನಡದ ಯಾವ ನಿಯತಕಾಲಿಕದ ಲೇಖನಕ್ಕೆ ಈ ಅಳತೆಗೋಲು ಮುಟ್ಟುತ್ತದೋ, ಹೇಳಿದವರಿಗೂ ಗೊತ್ತಿಲ್ಲ, ಬರೆದವರಿಗೂ ಗೊತ್ತಿಲ್ಲ.

ಇನ್ನು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್. 2012ರ ಜೂನ್‌ಗಿಂತ ಮುಂಚೆ ಅದರ ಮೂರನೆಯ ಪತ್ರಿಕೆ ವಿವರಣಾತ್ಮಕವಾಗಿತ್ತು, ಅಭ್ಯರ್ಥಿ ಪುಟಗಟ್ಟಲೆ ಬರೆಯಬೇಕಿತ್ತು. ಆಮೇಲೆ ಅದೂ ಬಹು ಆಯ್ಕೆಯಾಯಿತು. 2018ರಿಂದ ಎರಡೇ ಪತ್ರಿಕೆ, ಮೂರು ಗಂಟೆಯಲ್ಲಿ ನೂರೈವತ್ತು ಪ್ರಶ್ನೆ. ಸಾಲದ್ದಕ್ಕೆ 2024ರ ಮಾರ್ಚ್‌ನಲ್ಲಿ ಇದೇ ನೆಟ್ ಅಂಕವನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸಬಹುದು ಎಂದು ಯುಜಿಸಿ ಹೇಳಿತು. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಗದವರ ಪ್ರವೇಶದಲ್ಲಿ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30. ಅದೇ ವರ್ಷ ಜೂನ್ 18ರಂದು 9 ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಪರೀಕ್ಷೆಯನ್ನು ಮಾರನೆಯ ದಿನವೇ ರದ್ದು ಮಾಡಿದ್ದು ಎಲ್ಲರಿಗೂ ನೆನಪಿದೆ. ಪರೀಕ್ಷೆ ರದ್ದಾದದ್ದಕ್ಕೆ ಊರೆಲ್ಲ ಕೂಗಾಡಿದೆವು, ಕೂಗಬೇಕಾದದ್ದೇ. ರದ್ದಾಗದೆ ನಡೆದ ಪರೀಕ್ಷೆಗಳು ಏನನ್ನು ಅಳೆಯುತ್ತಿವೆ ಎಂದು ಕೂಗಿದವರು ಕಡಿಮೆ.

ಪಂಪಭಾರತದ ಕಾಲ 941 ಎಂದು ಗುರುತು ಹಾಕಿದರೆ ಎರಡು ಅಂಕ. ಸರಿ. ಆದರೆ ಅರ್ಜುನನನ್ನೇ ನಾಯಕನನ್ನಾಗಿ ನಿಲ್ಲಿಸಿ, ಆ ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಬೆರೆಸಿ ಬರೆದ ಕವಿ, ಕರ್ಣನ ಕಡೆ ಅಷ್ಟು ವಾಲಿದ್ದು ಏಕೆ? ಕವಿರಾಜಮಾರ್ಗಕಾರ ದಂಡಿಯಿಂದ ಎಷ್ಟು ತಂದ, ಎಷ್ಟು ಬಿಟ್ಟ, ಬಿಟ್ಟ ಕಡೆ ಕನ್ನಡದ್ದೇ ಏನನ್ನು ಇಟ್ಟ? ಇವಕ್ಕೆ ನಾಲ್ಕು ಆಯ್ಕೆಗಳಿಲ್ಲ. ಉತ್ತರ ಹೇಳಲು ಅರ್ಧ ಗಂಟೆ ಬೇಕು. ಮಧ್ಯೆ ಎದುರಿನವರು ‘ಆದರೆ ರನ್ನ ದುರ್ಯೋಧನನಿಗೆ ಮಾಡಿದ್ದೇನು?’ ಎಂದು ಕೇಳಬೇಕು, ವಿದ್ಯಾರ್ಥಿ ತಡವರಿಸಬೇಕು, ‘ಸ್ವಲ್ಪ ಇರಿ ಸರ್, ಯೋಚನೆ ಮಾಡಿ ಹೇಳುತ್ತೇನೆ’ ಎನ್ನಬೇಕು. ಸಂಶೋಧಕರು ಹುಟ್ಟುವುದು ಆ ತಡವರಿಕೆಯಲ್ಲಿ. ಎಂ.ಎ. ಮುಗಿದ ದಿನದಿಂದ ಪದವಿ ಕೈಗೆ ಬರುವ ದಿನದವರೆಗೆ ನಮ್ಮ ವಿದ್ಯಾರ್ಥಿಗಳಿಗೆ ಹೀಗೆ ತಡವರಿಸುವ ಅವಕಾಶವನ್ನೇ ನಾವು ಕೊಟ್ಟಿಲ್ಲ.

ವೈವಾ ಇದೆಯಲ್ಲ ಎನ್ನುತ್ತೀರಿ. ನಮ್ಮ ವೈವಾಗಳನ್ನು ಕಂಡವರಿಗೆ ಹೇಳಬೇಕಾದದ್ದೇನೂ ಇಲ್ಲ, ಕಾಣದವರಿಗಾಗಿ ಒಂದಿಷ್ಟು. ಬಾಹ್ಯ ಪರೀಕ್ಷಕರು ಬೆಳಗಿನ ಬಸ್ಸಿಗೆ ಬಂದಿಳಿಯುತ್ತಾರೆ, ಸಂಜೆಯ ಬಸ್ಸಿಗೆ ಟಿಕೆಟ್ ಆಗಿದೆ. ವಿದ್ಯಾರ್ಥಿಯ ಮನೆಯವರೆಲ್ಲ ಹೊಸ ಬಟ್ಟೆ ತೊಟ್ಟು ಬಂದು ಕೂತಿದ್ದಾರೆ. ಈ ವಿಷಯವನ್ನೇ ಏಕೆ ಆರಿಸಿಕೊಂಡಿರಿ ಎಂಬುದು ಮೊದಲ ಪ್ರಶ್ನೆ. ನಿಮ್ಮ ಸಂಶೋಧನೆಯ ಫಲಿತಗಳೇನು ಎಂಬುದು ಎರಡನೆಯದು. ಮೂರನೆಯದು ಪ್ರಶ್ನೆಯಲ್ಲ, ‘ಕೆಲವು ಕಾಗುಣಿತ ದೋಷಗಳಿವೆ, ಪುಸ್ತಕವಾಗುವಾಗ ತಿದ್ದಿಕೊಳ್ಳಿ’ ಎಂಬ ಸಲಹೆ. ಆಮೇಲೆ ಶಾಲು, ಹಾರ, ಫೋಟೊ, ಹೋಳಿಗೆ ಊಟ. ಆ ಊಟದ ಬಗ್ಗೆ ನನಗೆ ತಕರಾರಿಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಒಬ್ಬರು ಡಾಕ್ಟರಾದಾಗ ಊರೇ ಉಣ್ಣಬೇಕು. ನನ್ನ ತಕರಾರು ಊಟಕ್ಕೆ ಮುಂಚಿನ ಆ ಇಪ್ಪತ್ತು ನಿಮಿಷದ್ದು. ನಾಲ್ಕೈದು ವರ್ಷ ದುಡಿದ ಒಬ್ಬರಿಗೆ ಎರಡು ಒಳ್ಳೆಯ ಪ್ರಶ್ನೆಗಳ ಮರ್ಯಾದೆಯನ್ನೂ ಕೊಡದೆ ಕಳಿಸುತ್ತಿದ್ದೇವಲ್ಲ.

ಅಲ್ಲದೆ ವೈವಾ ನಡೆಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಪ್ರಬಂಧ ಬೈಂಡ್ ಆಗಿದೆ, ಪ್ರಬಂಧಗಳ ಜಾಲತಾಣ ಶೋಧಗಂಗಾಕ್ಕೆ ಏರಲು ಪಿಡಿಎಫ್ ಸಿದ್ಧವಿದೆ. ಹಳಗನ್ನಡ ಕಾವ್ಯದ ಮೇಲೆ ಪ್ರಬಂಧ ಬರೆದವರು ಒಂದು ವೃತ್ತವನ್ನು ಅನ್ವಯಿಸಿ ಓದಲಾರರು ಎಂಬುದು ಆ ದಿನ ಗೊತ್ತಾದರೆ ಪರೀಕ್ಷಕರು ಏನು ಮಾಡಬೇಕು? ಅಷ್ಟು ಜನ ನೆಂಟರ ಎದುರು ಮುಖ ಕೆಡಿಸಲು ಯಾರಿಗೆ ಮನಸ್ಸು ಬರುತ್ತದೆ? ಕೇಳುವ ಪ್ರಶ್ನೆಯನ್ನು ಮೊದಲ ವರ್ಷದ ಕೊನೆಯಲ್ಲೇ ಕೇಳಿದ್ದರೆ ಆ ಓದಿಗೆ ಇನ್ನೂ ಮೂರು ವರ್ಷ ಇರುತ್ತಿತ್ತು.

ಸಾಫ್ಟ್‌ವೇರ್ ಇದೆಯಲ್ಲ ಎಂಬುದು ಇನ್ನೊಂದು ಸಮಾಧಾನ. ಕೃತಿಚೌರ್ಯ ಕುರಿತ ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ 10ರ ಒಳಗಿದ್ದರೆ ದಂಡವಿಲ್ಲ, 40ರವರೆಗೆ ಇದ್ದರೆ ತಿದ್ದಿ ತರಬೇಕು, 60 ದಾಟಿದರೆ ನೋಂದಣಿಯೇ ರದ್ದು. ಕದ್ದ ವಾಕ್ಯವನ್ನು ಯಂತ್ರ ಹಿಡಿದೀತು, ಓದದ ಪುಸ್ತಕವನ್ನು ಹಿಡಿಯಲಾರದು. ಗ್ರಂಥಋಣದಲ್ಲಿ ಇನ್ನೂರು ಪುಸ್ತಕ ನಮೂದಿಸಿ ಇಪ್ಪತ್ತನ್ನೂ ಮುಟ್ಟದವರಿಗೆ ಶೇ 6 ಹೋಲಿಕೆಯ ಪ್ರಮಾಣಪತ್ರ ನಿರಾಯಾಸವಾಗಿ ಸಿಗುತ್ತದೆ. ದುಡ್ಡು ಕೊಟ್ಟರೆ ಪ್ರಬಂಧ ಬರೆದುಕೊಡುವವರು ಇದ್ದಾರೆಂಬುದು ಗುಟ್ಟಲ್ಲ. ಈಗಂತೂ ದುಡ್ಡೂ ಬೇಡ, ಕಂಪ್ಯೂಟರಿಗೆ ಶೀರ್ಷಿಕೆ ಕೊಟ್ಟರೆ ಅಧ್ಯಾಯಕ್ಕೆ ಅಧ್ಯಾಯವನ್ನೇ ಕನ್ನಡದಲ್ಲಿ ಹೊಸೆದು ಕೊಡುತ್ತದೆ. ಹೊಸದಾಗಿ ಹೊಸೆದದ್ದಾದ್ದರಿಂದ ಹೋಲಿಕೆಯೂ ಕಾಣುವುದಿಲ್ಲ. ಇಂಥ ಕಾಲದಲ್ಲಿ ವಿದ್ವತ್ತನ್ನು ಅಳೆಯಲು ಉಳಿದಿರುವ ದಾರಿ ಒಂದೇ. ಎದುರು ಕೂತು ಮಾತಾಡುವುದು.

ಅದು ನಮಗೆ ಹೊಸದೂ ಅಲ್ಲ. ಕರಾವಳಿಯ ತಾಳಮದ್ದಳೆಯನ್ನು ನೆನೆಯಿರಿ. ವೇಷವಿಲ್ಲ, ಬರೆದಿಟ್ಟ ಮಾತಿಲ್ಲ. ಭಾಗವತರು ಪದ್ಯ ಹೇಳಿ ನಿಲ್ಲಿಸಿದರೆ ಅರ್ಥಧಾರಿ ಅಲ್ಲಿಂದ ಮಾತು ಎತ್ತಬೇಕು. ಎದುರು ಕೂತವರು ಭಾರತ, ಭಾಗವತ, ರಾಮಾಯಣದ ಯಾವ ಮೂಲೆಯಿಂದಲಾದರೂ ಪ್ರಶ್ನೆ ಎಸೆಯಬಹುದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕೃಷ್ಣನನ್ನೋ ವಾಲಿಯನ್ನೋ ವಾದಿಸುತ್ತಿದ್ದಾಗ ಚಾಪೆಯ ಮೇಲೆ ಕೂತ ಹಳ್ಳಿಯ ರೈತನಿಗೂ ಗೊತ್ತಾಗುತ್ತಿತ್ತು, ಯಾರು ಓದಿ ಬಂದಿದ್ದಾರೆ, ಯಾರು ಗಂಟಲಿನಲ್ಲೇ ದಾಟಿಸುತ್ತಿದ್ದಾರೆ ಎಂದು. ಇಂಥ ಪರೀಕ್ಷೆಯನ್ನು ರಾತ್ರಿಯಿಡೀ ನಡೆಸಿದ ನಾಡಿನ ವಿಶ್ವವಿದ್ಯಾಲಯಗಳು ಎರಡು ಗಂಟೆಗೆ ಹೆದರುತ್ತವೆ.

ಹಳೆಯ ಕಾಲ ಚಿನ್ನದ ಕಾಲವಾಗಿತ್ತು ಎಂದು ನಾನು ಹೇಳಹೊರಟಿಲ್ಲ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ಕಲಬುರ್ಗಿಯವರ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ ಎರಡೂ ಪಿಎಚ್.ಡಿ. ಪ್ರಬಂಧಗಳೇ, ಇಂದಿಗೂ ಅವುಗಳ ಮೇಲೆ ಕೈಯಿಡದೆ ಆ ದಾರಿಯಲ್ಲಿ ಮುಂದೆ ಹೋಗಲಾಗದು. ಅವರಿಗೆ ಕೋರ್ಸ್‌ವರ್ಕ್ ಇರಲಿಲ್ಲ, ಕ್ರೆಡಿಟ್ ಇರಲಿಲ್ಲ. ಆದರೆ ಮೈಸೂರಿನಲ್ಲೋ ಧಾರವಾಡದಲ್ಲೋ ವಿಭಾಗದ ಮೆಟ್ಟಿಲು ಹತ್ತಿದರೆ ‘ಆ ಶಾಸನದ ಪಾಠ ಹಾಗಿಲ್ಲವಲ್ಲ’ ಎನ್ನುವ ಹಿರಿಯರು ಇದ್ದರು. ಪರೀಕ್ಷೆ ದಿನವೂ ನಡೆಯುತ್ತಿತ್ತು, ಅದಕ್ಕೆ ಹೆಸರಿರಲಿಲ್ಲ. ಆ ಮೆಟ್ಟಿಲು ಹತ್ತಲು ಆಗ ಎಷ್ಟು ಮನೆಗಳ ಮಕ್ಕಳಿಗೆ ಸಾಧ್ಯವಿತ್ತು ಎಂಬುದು ಬೇರೆ ಮಾತು. ಇಂದು ದಲಿತ ಕೇರಿಯಿಂದ, ಅಲೆಮಾರಿ ತಾಂಡಾದಿಂದ, ಬೀಡಿ ಕಟ್ಟುವ ಮನೆಯಿಂದ ಹೆಣ್ಣುಮಕ್ಕಳು ಸಂಶೋಧನೆಗೆ ಬರುತ್ತಿದ್ದಾರೆ. ಕನ್ನಡ ವಿದ್ವತ್ತಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ನಡೆದಿಲ್ಲ. ಅವರು ಬಂದ ಹೊತ್ತಿಗೇ ನಾವು ಹಿರಿಯರ ಆ ಪ್ರಶ್ನೆಗಳನ್ನು ಎತ್ತಿಟ್ಟುಬಿಟ್ಟೆವು. ‘ಪಾಪ, ಏನೋ ಒಂದು ಬರೆದುಕೊಂಡು ಹೋಗಲಿ’ ಎಂದೆವು. ಇದನ್ನು ಉದಾರತೆ ಎಂದು ಕರೆದುಕೊಳ್ಳುತ್ತೇವೆ. ನನ್ನ ಕಣ್ಣಿಗೆ ಇದು ತಿರಸ್ಕಾರ. ನಿನ್ನಿಂದ ಆಗುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದವರು ಮಾತ್ರ ಹಾಗೆ ಪಾಪ ಎನ್ನುತ್ತಾರೆ.

ಇಲ್ಲಿ ನನ್ನನ್ನು ತಡೆದು ನಿಲ್ಲಿಸುವವರಿದ್ದಾರೆ, ಅವರ ಮಾತು ನ್ಯಾಯವಾದದ್ದು. ಬಾಗಿಲು ಮುಚ್ಚಿ ಎದುರು ಕೂರಿಸಿ ಕೇಳುವ ಪರೀಕ್ಷೆ ಎಂದರೆ ಜಾತಿ ಕೇಳುವ ಪರೀಕ್ಷೆ ಎಂದು ಅವರ ಅನುಭವ. ಯಾವ ಊರು, ತಂದೆ ಏನು ಮಾಡುತ್ತಾರೆ, ಉಚ್ಚಾರ ಹೀಗೇಕೆ ಎಂಬ ಪ್ರಶ್ನೆಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆಂದು ಗೊತ್ತಿಲ್ಲದವರು ಯಾರು? ಇದು ಬರೀ ಶಂಕೆಯಲ್ಲ. ದಿಲ್ಲಿಯ ಜೆಎನ್‌ಯು ತಾನೇ ನೇಮಿಸಿದ್ದ ಅಬ್ದುಲ್ ನಾಫೆ ಸಮಿತಿ ಪ್ರವೇಶದ ಲಿಖಿತ ಅಂಕಗಳನ್ನೂ ಮೌಖಿಕ ಅಂಕಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ಸಾಮಾಜಿಕ ವರ್ಗಗಳ ನಡುವೆ ಕಾಣುವ ವ್ಯತ್ಯಾಸ ತಾರತಮ್ಯದತ್ತ ಬೆರಳು ತೋರಿಸುತ್ತದೆ ಎಂದು 2016ರಲ್ಲಿ ವರದಿ ಕೊಟ್ಟಿತು. ಮೌಖಿಕದ ಅಂಕವನ್ನು 30ರಿಂದ 15ಕ್ಕೆ ಇಳಿಸಿ ಎಂದಿತು. ಅಷ್ಟು ದೊಡ್ಡ ವಿಶ್ವವಿದ್ಯಾಲಯದಲ್ಲೇ ಹೀಗಾದರೆ, ಎಲ್ಲರಿಗೂ ಎಲ್ಲರ ಜಾತಿ ಬಾಯಿಪಾಠವಿರುವ ನಮ್ಮಲ್ಲಿ?

ಆದ್ದರಿಂದಲೇ ನಾನು ಕೇಳುತ್ತಿರುವ ಪರೀಕ್ಷೆಗೆ ಅಂಕ ಇರಕೂಡದು. ಆಯಿತು, ಅಥವಾ ಇನ್ನೂ ಓದಿ ಬನ್ನಿ. ಇಷ್ಟೇ. ‘ಇನ್ನೂ ಓದಿ ಬನ್ನಿ’ ಎಂದರೆ ಯಾವ ಪುಸ್ತಕ, ಯಾವ ಪ್ರಶ್ನೆ ಎಂದು ಬರೆದು ಸಹಿ ಮಾಡಿ ಕೊಡಬೇಕು. ಫೆಲೋಶಿಪ್ ಅದಕ್ಕಾಗಿ ಒಂದು ದಿನವೂ ನಿಲ್ಲಕೂಡದು. ಓದುವ ಪಟ್ಟಿ ನೋಂದಣಿಯ ದಿನವೇ ವಿದ್ಯಾರ್ಥಿಯ ಕೈಯಲ್ಲಿರಬೇಕು, ಪಟ್ಟಿಯ ಆಚೆಯ ಪ್ರಶ್ನೆಗೆ ಉತ್ತರ ಬರದಿದ್ದರೆ ಅದನ್ನು ವಿದ್ಯಾರ್ಥಿಯ ಲೆಕ್ಕಕ್ಕೆ ಹಿಡಿಯಬಾರದು. ಮಾತುಕತೆ ಬಾಗಿಲು ತೆರೆದು ನಡೆಯಲಿ, ಉಳಿದ ಸಂಶೋಧನಾ ವಿದ್ಯಾರ್ಥಿಗಳು ಹಿಂದೆ ಕೂತು ಕೇಳಲಿ, ಧ್ವನಿಮುದ್ರಣ ಇರಲಿ. ಕತ್ತಲಲ್ಲಿ ಕೇಳುವ ಪ್ರಶ್ನೆಯನ್ನು ಹತ್ತು ಜನರ ಎದುರು ಕೇಳಲು ಧೈರ್ಯ ಬರುವುದಿಲ್ಲ. ಭಾಷೆ ವಿದ್ಯಾರ್ಥಿ ಮನೆಯಲ್ಲಿ ಆಡುವ ಕನ್ನಡವೇ ಆಗಿರಲಿ, ಬೀದರಿನದಾಗಲಿ, ಚಾಮರಾಜನಗರದ್ದಾಗಲಿ.

ಪಟ್ಟಿ ಎಂದರೆ ಹೇಗಿರಬೇಕು? ವಚನಗಳ ಮೇಲೆ ಕೆಲಸ ಮಾಡುವವರನ್ನು ಹಿಡಿಯೋಣ. ಫ.ಗು. ಹಳಕಟ್ಟಿಯವರ 1923ರ ‘ವಚನಶಾಸ್ತ್ರಸಾರ’ದಿಂದ ಕರ್ನಾಟಕ ಸರ್ಕಾರದ ಹದಿನೈದು ಸಮಗ್ರ ವಚನ ಸಂಪುಟಗಳವರೆಗೆ ಪಠ್ಯ ಹೇಗೆ ಬೆಳೆಯಿತು, ಯಾವುದು ಒಳಗೆ ಬಂತು, ಯಾವುದು ಹೊರಗೆ ಉಳಿಯಿತು ಎಂಬುದು ಗೊತ್ತಿರಬೇಕು. ಶೂನ್ಯಸಂಪಾದನೆಯನ್ನು ಪೂರ್ತಿ ಓದಿರಬೇಕು, ಹರಿಹರನ ರಗಳೆಗಳನ್ನು ಪೂರ್ತಿ ಓದಿರಬೇಕು. ‘ಎಪಿಗ್ರಾಫಿಯಾ ಕರ್ನಾಟಿಕ’ದ ಒಂದು ಸಂಪುಟವನ್ನಾದರೂ ಬಿಡಿಸಿ, ಕಲ್ಯಾಣದ ಕಾಲದ ಶಾಸನಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂದು ನೋಡಿರಬೇಕು. ವಿಜಯನಗರದ ಇತಿಹಾಸ ಬರೆಯುವವರು ರಾಬರ್ಟ್ ಸೀವೆಲ್‌ನ 1900ರ ಪುಸ್ತಕದಲ್ಲಿ ಅನುವಾದಗೊಂಡಿರುವ ಪಾಯಸ್, ನೂನಿಜ್‌ರನ್ನು ಎರಡನೆಯವರ ಬಾಯಿಂದ ಉದ್ಧರಿಸದೆ ತಾವೇ ಓದಿರಬೇಕು. ನಲವತ್ತು ಪುಸ್ತಕ ಸಾಕು. ಅಮೆರಿಕದವರ ನೂರು ನಮಗೆ ಬೇಡ. ಅಲ್ಲಿಯ ಕಾಂಪ್ಸ್ ಬಗ್ಗೆ ಅಲ್ಲಿಯವರಿಗೇ ಸಮಾಧಾನವಿಲ್ಲ. ಮಾನವಿಕ ವಿಭಾಗಗಳಲ್ಲಿ ಹತ್ತು ವರ್ಷ ಕಳೆದರೂ ಪದವಿ ಮುಗಿಸಿದವರು ಶೇ 49 ಮಾತ್ರ ಎಂದು ಅಲ್ಲಿನ ಸ್ನಾತಕೋತ್ತರ ಶಾಲೆಗಳ ಮಂಡಳಿಯೇ ಲೆಕ್ಕ ಕೊಟ್ಟಿತ್ತು. ವಿದ್ಯಾರ್ಥಿಯನ್ನು ಬೇಯಿಸುವ ಪರೀಕ್ಷೆಯನ್ನು ತಂದು ಇಲ್ಲಿ ನೆಡುವುದು ನನ್ನ ಆಸೆಯಲ್ಲ.

ಸಮಯವೆಲ್ಲಿ ಎಂದು ಕೇಳಬೇಡಿ. 2022ರ ನಿಯಮದ ಪ್ರಕಾರ ಪ್ರಾಧ್ಯಾಪಕರೊಬ್ಬರ ಕೈಕೆಳಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ವಿದ್ಯಾರ್ಥಿಗಳು. ಎಂಟು ಮಂದಿಗೂ ಎರಡೆರಡು ಗಂಟೆ ಕೂತರೆ ಹದಿನಾರು ಗಂಟೆ, ಅದೂ ಒಂದೇ ವರ್ಷದಲ್ಲಲ್ಲ. ಒಂದು ರಾಷ್ಟ್ರೀಯ ವಿಚಾರ ಸಂಕಿರಣದ ಬ್ಯಾನರಿಗೂ ನೆನಪಿನ ಕಾಣಿಕೆಗೂ ಓಡಾಡುವ ಹೊತ್ತು ಇದಕ್ಕಿಂತ ಹೆಚ್ಚು. ಯುಜಿಸಿಯ ಅಪ್ಪಣೆಯೂ ಬೇಡ. ಪ್ರತಿ ವಿದ್ಯಾರ್ಥಿಗೂ ಸಂಶೋಧನಾ ಸಲಹಾ ಸಮಿತಿ ಈಗಾಗಲೇ ಇದೆ, ಆರು ತಿಂಗಳಿಗೊಮ್ಮೆ ಸೇರಿ ಸಹಿ ಹಾಕುತ್ತಿದೆ. ಆ ಸಮಿತಿ ಒಂದು ಸಲ ಸಹಿಯ ಜೊತೆಗೆ ಪ್ರಶ್ನೆಯನ್ನೂ ಹಾಕಲಿ.

ಅಡ್ಡಿ ಸಮಯದ್ದಲ್ಲ, ಹಣದ್ದಲ್ಲ. ಹೇಳಿಯೇ ಬಿಡುತ್ತೇನೆ. ನಲವತ್ತು ಪುಸ್ತಕದ ಪಟ್ಟಿ ಕೊಟ್ಟವರು ಆ ನಲವತ್ತನ್ನೂ ಓದಿರಬೇಕಾಗುತ್ತದೆ. ಎರಡು ಗಂಟೆ ಪ್ರಶ್ನೆ ಕೇಳಬೇಕಾದರೆ ಎರಡು ಗಂಟೆಯಷ್ಟು ಪ್ರಶ್ನೆ ಒಳಗಿರಬೇಕು. ಈ ಪರೀಕ್ಷೆಯಲ್ಲಿ ಮೊದಲು ಬಯಲಾಗುವವರು ಮೇಜಿನ ಆಚೆ ಕೂತವರಲ್ಲ, ಈಚೆ ಕೂತವರು. ಶಬ್ದಮಣಿದರ್ಪಣವನ್ನು ಎಂ.ಎ. ನೋಟ್ಸಿನಲ್ಲಿ ಓದಿ, ಅದೇ ನೋಟ್ಸಿನಿಂದ ಇಪ್ಪತ್ತು ವರ್ಷ ಪಾಠ ಮಾಡಿ, ಬಡ್ತಿಯ ಮೇಲೆ ಬಡ್ತಿ ಪಡೆದು ಗೈಡ್ ಆದವರಿಗೆ ಎದುರು ಕೂರುವ ಭಯವಿದೆ. ಆ ಭಯಕ್ಕೆ ‘ವಿದ್ಯಾರ್ಥಿಗಳ ಮಟ್ಟ ಕುಸಿದಿದೆ’ ಎಂಬ ಹೆಸರಿಟ್ಟುಕೊಂಡು ನಾವು ಸಭೆಗಳಲ್ಲಿ ನಿಟ್ಟುಸಿರು ಬಿಡುತ್ತೇವೆ.

ಸಂಶೋಧಕ ಗೆಳೆಯರೇ, ಗೆಳತಿಯರೇ, ನಿಮಗೂ ಒಂದು ಮಾತು. ನಿಮ್ಮ ಕಷ್ಟ ಗೊತ್ತಿಲ್ಲದೆ ಹೇಳುತ್ತಿಲ್ಲ. ಜೆಆರ್‌ಎಫ್ ಸಿಕ್ಕವರಿಗೆ ತಿಂಗಳಿಗೆ 37,000 ರೂಪಾಯಿ ಇದೆ, ಸಿಗದವರು ಎರಡು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ಓಡುತ್ತ, ಬಸ್ಸಿನಲ್ಲಿ ಓದುತ್ತ, ಮಗುವನ್ನು ಮಲಗಿಸಿ ಬರೆಯುತ್ತ ಇದ್ದಾರೆ. ಫೆಲೋಶಿಪ್ ತಿಂಗಳುಗಟ್ಟಲೆ ಬಾರದೆ ಧರಣಿ ಕೂತವರು ಇದ್ದಾರೆ. ಅದಕ್ಕಾಗಿ ಕೂತದ್ದು ಸರಿ. ಅದೇ ಹಕ್ಕಿನಿಂದ ಇದನ್ನೂ ಕೇಳಿ: ನನ್ನ ಜೊತೆ ಓದಿ, ನನ್ನನ್ನು ಪ್ರಶ್ನಿಸಿ, ನನ್ನ ಓದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಸುಲಭವಾಗಿ ದಾಟಿಸಿದ ಗೈಡನ್ನು ಇಂದು ಒಳ್ಳೆಯವರು ಎನ್ನುತ್ತೀರಿ. ನಾಳೆ ತರಗತಿಯಲ್ಲಿ ನಿಂತಾಗ, ನಿಮ್ಮದೇ ಊರಿನ ಕಡೆಯಿಂದ ಬಂದ ಒಬ್ಬ ಹುಡುಗಿ ಎದ್ದು ನಿಂತು ಕುಮಾರವ್ಯಾಸನ ಬಗ್ಗೆ ಒಂದು ಪ್ರಶ್ನೆ ಕೇಳಿದಾಗ, ಆ ಒಳ್ಳೆಯವರು ನಿಮ್ಮ ಪಕ್ಕದಲ್ಲಿ ಇರುವುದಿಲ್ಲ.

ಗೈಡ್‌ಗಳೇ, ವಿಭಾಗದ ಮುಖ್ಯಸ್ಥರೇ, ಸುತ್ತೋಲೆಗೆ ಕಾಯಬೇಡಿ. ಈ ವರ್ಷ ನಿಮ್ಮ ಬಳಿ ನೋಂದಣಿಯಾಗುವ ಒಬ್ಬರಿಂದಲೇ ಶುರುವಾಗಲಿ. ಅವರನ್ನು ಕೂರಿಸಿಕೊಂಡು ನಲವತ್ತು ಪುಸ್ತಕಗಳ ಪಟ್ಟಿ ಮಾಡಿ. ನೀವು ಓದದವು ಅದರಲ್ಲಿದ್ದರೆ ಹೊಡೆದುಹಾಕಬೇಡಿ, ಅವರ ಜೊತೆಗೇ ಓದಿ. ವರ್ಷದ ಕೊನೆಗೆ ಒಂದು ಬೆಳಿಗ್ಗೆ ಬಾಗಿಲು ತೆರೆದಿಟ್ಟು, ಮೊಬೈಲ್ ಆಚೆ ಇಟ್ಟು, ಎರಡು ಗಂಟೆ ಕೇಳಿ.